ಕರವಸ್ತ್ರ ಈಗ ಯಾರ ಕೈಲಿದೆ?

ಹಾಸನ

ಪ್ರೀತಿಯ ಗೆಳೆಯ,

ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಶೇಕ್ಸ್‌ಪಿಯರನ ‘ಒಥೆಲೊ’ ಆಡಿಸ್ತೀನಿ ಅಂತ ಬರೆದಿದ್ದೀಯ, ಬಹಳ ಸಂತೋಷ. ತಾಲೀಮು ಶುರುವಾಗುವ ಮುಂಚೆ ಒಂದು ಮಾತು. ಖಳ ಇಯಾಗೊನ ಪಾತ್ರ ಆಡುವವನಿಗೆ ಹುಬ್ಬು ಹಾರಿಸಲು, ಕುಹಕದ ನಗೆ ನಗಲು ಬಿಡಬೇಡ. ಅವನ ಸಂಚು ಗೊತ್ತಿರುವುದು ಪ್ರೇಕ್ಷಕರಿಗೆ. ಸೇನಾಪತಿ ಒಥೆಲೊನ ಕಣ್ಣಿಗೆ ಅವನು ನೆಚ್ಚಿನ ಸಿಪಾಯಿ. ‘ಪ್ರಾಮಾಣಿಕ’ ಅನ್ನುವ ಮಾತು ಮೂಲದಲ್ಲಿ 50 ಸಲವಾದರೂ ಬರುತ್ತೆ, ಎಷ್ಟೋ ಸಲ ಅವನಿಗೇ ಅನ್ವಯಿಸಿ. ಮೋರೆಯಲ್ಲೇ ಖಳತನ ಕಂಡರೆ ಒಥೆಲೊ ಬರೀ ಪೆದ್ದನಾಗಿಬಿಡ್ತಾನೆ, ದುರಂತ ಅಲ್ಲಿಗೇ ಮುಗೀತು.

ತಾಲೀಮಿನ ಅರ್ಧ ದಿನಗಳನ್ನು 3ನೇ ಅಂಕದ 3ನೇ ದೃಶ್ಯಕ್ಕೇ ಎತ್ತಿಡು. ಹೆಂಡತಿ ಡೆಸ್ಡಿಮೋನಾ ಮೇಲೆ ಪ್ರಾಣ ಇಟ್ಟುಕೊಂಡು ಬಂದ ಒಥೆಲೊ ಅದೇ ದೃಶ್ಯದ ಕೊನೆಗೆ ಅವಳ ಸಾವು ಬಯಸುತ್ತಾನೆ. ಇಯಾಗೊ ಮೊದಲಿಗೆ ಸುಳ್ಳೇ ಹೇಳುವುದಿಲ್ಲ, ಗಮನಿಸು. ಒಥೆಲೊನ ಉಪಾಧಿಕಾರಿಯಾಗಿದ್ದ ಕ್ಯಾಸಿಯೊ ಅವಳ ಬಳಿಯಿಂದ ಸರಿದು ಹೋಗುವುದನ್ನು ಕಂಡು ತನ್ನಷ್ಟಕ್ಕೇ ಎಂಬಂತೆ ‘ಇದು ನನಗೆ ಹಿಡಿಸಲಿಲ್ಲ’ ಅಂತಾನೆ. ಏನಂದೆ ಅಂದರೆ, ಏನಿಲ್ಲ. ಆಮೇಲೆ ಒಥೆಲೊ ಕೇಳಿದ ಪ್ರಶ್ನೆಯ ಪದವನ್ನೇ ಎತ್ತಿ ಅವನ ಕೈಗೇ ಕೊಡ್ತಾನೆ. ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡಿದ್ದಾನೆ ಅಂತ ಒಥೆಲೊಗೆ ತಾನಾಗೇ ಅನ್ನಿಸಬೇಕು. ಹಾಗಾಗಿ ಇಲ್ಲಿ ಪಾಠ ಮಾಡಿಸಬೇಕಾದ್ದು ಮಾತಿಗಿಂತ ಮೌನ: ಪ್ರತಿ ಉತ್ತರಕ್ಕೆ ಮುಂಚೆ ಒಂದು ಉಸಿರು ತಡೆದು ನಿಲ್ಲಿಸು. ಅವಸರದಲ್ಲಿ ಒಪ್ಪಿಸಿದರೆ ಅದು ಬರೀ ಚಾಡಿಯಾಗುತ್ತೆ. ‘ಸಂಶಯಕ್ಕೆ ಬೀಳಬೇಡಿ ಸ್ವಾಮಿ’ ಅನ್ನುವ ಎಚ್ಚರಿಕೆಯೂ ಅವನದೇ. ಹುಳ ಒಳಗೆ ಹೋಗುವುದು ಅಲ್ಲೇ. ಕ್ಯಾಸಿಯೊ ನಿದ್ದೆಯಲ್ಲಿ ಡೆಸ್ಡಿಮೋನಾಳ ಹೆಸರು ಕನವರಿಸಿದ ಅನ್ನುವ ಶುದ್ಧ ಕಟ್ಟುಕತೆ ಬರುವುದು ನೆಲ ಹದವಾದ ಮೇಲೆ.

ಅನುವಾದದಲ್ಲಿ ಎಲ್ಲರಿಗೂ ‘ಹೊಟ್ಟೆಕಿಚ್ಚು’ ಅಂತ ಹಾಕಬೇಡ ಮಾರಾಯ. ಬಡ್ತಿ ಕ್ಯಾಸಿಯೊಗೆ ಹೋಯಿತೆಂದು ಇಯಾಗೊಗೆ ಇರುವುದು ಹೊಟ್ಟೆಕಿಚ್ಚು. ಒಥೆಲೊನದು ಸಂಶಯ. ಹಿಂದೆ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಾಗಿ ಒಗ್ಗಿಸಿದ ಕಥೆ ಇದು, ನಮ್ಮ ಭಾಷೆಗೆ ಹೊಸದೇನಲ್ಲ.

ಇನ್ನು ಒಥೆಲೊ ಹೆಂಡತಿಗೆ ಕೊಟ್ಟಿದ್ದ ಕರವಸ್ತ್ರ. ಒಥೆಲೊನ ತಲೆನೋವಿಗೆ ಡೆಸ್ಡಿಮೋನಾ ಅದನ್ನು ಕಟ್ಟಲು ಹೋದಾಗ ‘ಇದು ಸಾಲದು, ಚಿಕ್ಕದು’ ಅಂತಾನೆ. ಅಂದರೆ ದೊಡ್ಡ ಟವೆಲ್ ಕೊಟ್ಟರೆ ಮಾತೇ ಸುಳ್ಳಾಗುತ್ತೆ; ಆದರೆ ಹಿಂದಿನ ಸಾಲಿಗೂ ಕಾಣಬೇಕು. ಒಂದೂವರೆ ಗೇಣು ಚೌಕದ ಬಿಳಿ ಕಾಟನ್ ಬಟ್ಟೆ, ಅದರ ಮೇಲೆ ದಪ್ಪ ಕೆಂಪು ದಾರದಲ್ಲಿ ಸ್ಟ್ರಾಬೆರಿ ಕಸೂತಿ. ತೆಳು ರೇಷ್ಮೆ ಬೇಡ, ಫ್ಯಾನ್ ಗಾಳಿಗೆ ಹಾರಿ ವಿಂಗ್ (ರಂಗದ ಪಕ್ಕದ ಮರೆ) ಸೇರಿದರೆ ಇಯಾಗೊನ ಹೆಂಡತಿ ಎಮಿಲಿಯಾ ಏನನ್ನು ಎತ್ತಿಕೊಳ್ಳಬೇಕು? ಒಂದೇ ಥರದ್ದು ಮೂರು ಮಾಡಿಸು. ಒಥೆಲೊನ ಕೈ ತಳ್ಳಿಯೇ ಅದು ಬೀಳಲಿ, ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡದೆ ಹೊರಡಲಿ. ಅಲ್ಲಿಂದ ಎಮಿಲಿಯಾ, ಇಯಾಗೊ, ಕ್ಯಾಸಿಯೊನ ಕೋಣೆ, ಅವನ ಪ್ರೇಯಸಿ ಬಿಯಾಂಕಾ, ಕೊನೆಗೆ 4ನೇ ಅಂಕದಲ್ಲಿ ಬಚ್ಚಿಟ್ಟುಕೊಂಡು ನೋಡುತ್ತಿರುವ ಒಥೆಲೊನ ಕಣ್ಣೆದುರೇ ಅವಳು ಅದನ್ನು ಕ್ಯಾಸಿಯೊಗೆ ವಾಪಸ್ ಎಸೆಯುವುದು. ಈ ದಾರಿಯನ್ನು ಬರೆದು ವಿಂಗ್‌ನಲ್ಲಿ ಅಂಟಿಸಿಬಿಡು. ಒಂದು ಕೈ ತಪ್ಪಿದರೂ ಮುಂದಿನದ್ದು ನಿಲ್ಲುವುದಿಲ್ಲ.

ಸಮಯ ಉಳಿಸಲು ವಿದೂಷಕನ ತುಣುಕುಗಳನ್ನು ಧಾರಾಳವಾಗಿ ಕತ್ತರಿಸು. 4ನೇ ಅಂಕದ ಕೊನೆಗೆ ಡೆಸ್ಡಿಮೋನಾ ಹಾಡುವ ವಿಲ್ಲೋ ಮರದ ಹಾಡನ್ನು ಮಾತ್ರ ಮುಟ್ಟಬೇಡ. ಮೂಲ ನಾಟಕದ 1622ರ ಮುದ್ರಣದಲ್ಲಿ ಅದು ಇಲ್ಲ, 1623ರದ್ದರಲ್ಲಿ ಇದೆ. ನಿನ್ನ ಕೈಲಿರುವ ಪ್ರತಿ ಯಾವುದನ್ನು ಅನುಸರಿಸಿದೆ ನೋಡಿಕೋ. ಹಾರ್ಮೋನಿಯಂ ಬೇಡ. ಎಮಿಲಿಯಾ ಉಡುಪಿನ ಪಿನ್ನು ಬಿಚ್ಚುತ್ತಿರಲಿ, ಡೆಸ್ಡಿಮೋನಾ ಮರೆತು ಮರೆತು ಗುನುಗಲಿ, ನಡುವೆ ಗಾಳಿಗೆ ಬಾಗಿಲು ಬಡಿದ ಸದ್ದಿಗೆ ಹಾಡು ನಿಲ್ಲಲಿ.

ನಿನ್ನ
ಗೆಳೆಯ