ಬೂತಾಯಿ ಬಿಡಬೇಡ ಪುಟ್ಟಿ

ತೀರ್ಥಹಳ್ಳಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಇಲ್ಲಿ ಎಲ್ಲ ಕ್ಷೇಮ. ಮಳೆ ನಿಂತಿದೆ. ಅಪ್ಪ ಅಡಿಕೆ ಕೊನೆ ಕೊಯ್ಲಿನ ಓಡಾಟದಲ್ಲಿದ್ದಾರೆ.

ಹೋದ ವಾರ ನೀನು ಫೋನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲೇ ಇದೆ. "ಅಮ್ಮಾ, ಮೀನಲ್ಲಿ ಪಾದರಸ ಇರುತ್ತಂತೆ. ನಾನು ಮೂರು ತಿಂಗಳು ತಿಂದುಬಿಟ್ಟೆ. ಹೊಟ್ಟೆಯಲ್ಲಿರೋ ಮಗುಗೆ ಏನಾದ್ರೂ ಆಗುತ್ತಾ?" ಅಂದೆ. ಏನೂ ಆಗಲ್ಲ ಸುಮ್ನಿರು ಅಂತ ಬಾಯಿಮಾತಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಅವತ್ತಿಂದ ಅದನ್ನೇ ಓದುತ್ತಾ ಕೂತೆ.

ಓದಿದ್ದರಲ್ಲಿ ನಿನಗೆ ಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು ಬಿಡಬೇಡ. ದೊಡ್ಡ ಮೀನು ಬಿಡು.

ನೀನು ಎರಡನೇ ಕ್ಲಾಸಲ್ಲಿದ್ದಾಗ ಜ್ವರ ಬಂದಿತ್ತು, ನೆನಪಿದೆಯಾ? ಥರ್ಮಾಮೀಟರ್ ಜಾರಿ ಜಗುಲಿಯ ಕಾವಿ ನೆಲದ ಮೇಲೆ ಒಡೆಯಿತು. ಪಾದರಸ ಸಾಸಿವೆ ಕಾಳಿನ ಹಾಗೆ ಗುಂಡುಗುಂಡಾಗಿ ಓಡಿತು. ನೀನು ಬೆರಳಲ್ಲಿ ಒತ್ತಿದರೆ ಎರಡಾಗುತ್ತಿತ್ತು, ತಾಗಿಸಿದರೆ ಮತ್ತೆ ಒಂದಾಗುತ್ತಿತ್ತು. ಜ್ವರ ಮರೆತು ನಗುತ್ತಿದ್ದೆ. ನಾನು ಅದನ್ನೆಲ್ಲ ಕಾಗದದಲ್ಲಿ ಒಟ್ಟುಮಾಡಿ, ಔಷಧಿ ಬಾಟಲಿಗೆ ಹಾಕಿ ಆಡಲು ಕೊಟ್ಟೆ. ಅದು ನನ್ನ ತಪ್ಪು. ಪಾದರಸ ಸುಮ್ಮನೆ ಇಟ್ಟರೂ ಆವಿಯಾಗುತ್ತದೆ. ಆ ಆವಿ ಉಸಿರಿನ ಜೊತೆ ಒಳಗೆ ಹೋಗುವುದು ಅಪಾಯ. ನಿನ್ನನ್ನು ದೂರ ಕೂರಿಸಿ, ಕಿಟಕಿ ಬಾಗಿಲು ತೆಗೆದಿಡಬೇಕಿತ್ತು.

ಮೀನಲ್ಲಿರುವುದು ಆ ಹೊಳೆಯುವ ಪಾದರಸ ಅಲ್ಲ. ಅದರದ್ದೇ ಇನ್ನೊಂದು ರೂಪ, ಮಿಥೈಲ್ ಪಾದರಸ ಅನ್ನುತ್ತಾರೆ. ಕಲ್ಲಿದ್ದಲು ಉರಿಸಿದಾಗ, ಸಣ್ಣ ಚಿನ್ನದ ಗಣಿಗಳಲ್ಲಿ ಚಿನ್ನ ತೆಗೆಯಲು ಪಾದರಸ ಬೆರೆಸಿ ಕಾಯಿಸಿದಾಗ ಅದು ಗಾಳಿಗೆ ಸೇರುತ್ತದೆ. ಮಳೆಯ ಜೊತೆ ಇಳಿದು ನೀರಿಗೆ ಬರುತ್ತದೆ. ತಳದ ಕೆಸರಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸ ಮಾಡುತ್ತವೆ. ಪಾಚಿ ಅದನ್ನು ಹೀರಿಕೊಳ್ಳುತ್ತದೆ. ಪಾಚಿಯನ್ನು ಸಣ್ಣ ಹುಳ ತಿನ್ನುತ್ತದೆ, ಹುಳವನ್ನು ಬೂತಾಯಿಯಂಥ ಸಣ್ಣ ಮೀನು, ಬೂತಾಯಿಯನ್ನು ಅಂಜಲ್ಲಿನಂಥ ದೊಡ್ಡ ಮೀನು, ಅಂಜಲ್ಲನ್ನು ಶಾರ್ಕ್. ತಿಂದದ್ದು ಬೇಗ ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಕೂರುತ್ತದೆ. ಹಾಗಾಗಿ ಮೇಲೆ ಹೋದಷ್ಟೂ ಜಾಸ್ತಿ. ದೊಡ್ಡ ಮೀನು ಬದುಕುವುದೂ ಹೆಚ್ಚು ವರ್ಷ, ಕೂಡಿಡುವುದೂ ಹೆಚ್ಚು. ಅಮೆರಿಕದ ಸರ್ಕಾರದವರು ಅಳೆದ ಪ್ರಕಾರ ಕಿಲೋ ಬೂತಾಯಿ ಜಾತಿಯ ಮೀನಲ್ಲಿ ಸರಾಸರಿ 0.013 ಮಿಲಿಗ್ರಾಂ ಪಾದರಸ, ಕಿಲೋ ಶಾರ್ಕಿನಲ್ಲಿ 0.979. ಎಷ್ಟು ಪಟ್ಟು ಅಂತ ನೀನೇ ಲೆಕ್ಕ ಹಾಕು. ಅರಿಶಿನ ಉಪ್ಪು ಹಾಕಿ ತೊಳೆದರೂ, ಎಣ್ಣೆಯಲ್ಲಿ ಹುರಿದರೂ ಅದು ಹೋಗುವುದಿಲ್ಲ. ಮಾಂಸಕ್ಕೇ ಅಂಟಿಕೊಂಡಿರುತ್ತದೆ.

ಜಪಾನಿನ ಮಿನಮಾಟ ಅನ್ನುವ ಊರಿನ ಕಥೆ ಓದುವಾಗ ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಚಿಸ್ಸೊ ಅನ್ನುವ ಕಂಪನಿ ಪಾದರಸ ಬೆರೆತ ನೀರನ್ನು ಕಡಲಿಗೆ ಬಿಡುತ್ತಿತ್ತು. ಮೊದಲು ಹುಚ್ಚು ಹಿಡಿದಿದ್ದು ಬೆಕ್ಕುಗಳಿಗೆ. ಮೀನಿನ ತಲೆ ಬಾಲ ತಿಂದು ಬದುಕುವ ಬೆಕ್ಕುಗಳು ಗಿರಗಿರ ತಿರುಗಿ ಬಿದ್ದು ಸತ್ತವು. ನಮ್ಮ ಕೆಂಚಿ ಇಲ್ಲಿ ನಾನು ಮೀನು ಕೊಚ್ಚುವಾಗ ಮೆಟ್ಟುಗತ್ತಿಯ ಮುಂದೆ ಕಣ್ಣು ಮಿಟುಕಿಸದೆ ಕೂರುತ್ತದಲ್ಲ, ಹಾಗೇ ಕೂತಿದ್ದ ಬೆಕ್ಕುಗಳು ಅವು. ಆಮೇಲೆ ಮಕ್ಕಳಿಗೆ ನಡೆಯಲು, ಮಾತಾಡಲು ಆಗದೇ ಹೋಯಿತು. 1956ರ ಮೇ 1ಕ್ಕೆ ಕಂಪನಿಯ ಆಸ್ಪತ್ರೆಯ ಡಾಕ್ಟರ್ ಹೊಸೊಕಾವ ಅವರೇ ಸರ್ಕಾರಕ್ಕೆ ತಿಳಿಸಿದರು. 1959ರಲ್ಲಿ ಅವರು ಕಾರ್ಖಾನೆಯ ಕೊಳಕು ನೀರನ್ನು ಊಟಕ್ಕೆ ಬೆರೆಸಿ ಒಂದು ಬೆಕ್ಕಿಗೆ ಹಾಕಿ ನೋಡಿದರು. ಅದಕ್ಕೂ ಅದೇ ಕಾಯಿಲೆ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. 1968ರವರೆಗೂ ಪಾದರಸ ಕಡಲಿಗೆ ಹೋಗುತ್ತಲೇ ಇತ್ತು. ಒಂಬತ್ತು ವರ್ಷ, ಪುಟ್ಟಿ! ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ತಾಯಿಯ ಮೈಯಲ್ಲಿರುವ ವಿಷ ಮಗುವಿಗೆ ದಾಟುವುದಿಲ್ಲ, ಮಾಸು (ಪ್ಲಸೆಂಟಾ) ಅದನ್ನು ತಡೆಯುತ್ತದೆ ಅಂತ ಆಗ ಡಾಕ್ಟರುಗಳು ನಂಬಿದ್ದರು. ಅಲ್ಲಿ ತಾಯಂದಿರು ನೋಡಲು ಚೆನ್ನಾಗೇ ಇದ್ದರು, ಹುಟ್ಟಿದ ಮಕ್ಕಳು ಕುತ್ತಿಗೆ ಎತ್ತುತ್ತಿರಲಿಲ್ಲ. ಮಿಥೈಲ್ ಪಾದರಸ ಮಾಸು ದಾಟಿ ಹೋಗುತ್ತದೆ. ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಮಗುವಿನ ರಕ್ತದಲ್ಲೇ ಹೆಚ್ಚು ಸೇರುತ್ತದೆ. ಇದು ಕೊನೆಗೆ ಗಟ್ಟಿಯಾಗಿ ಗೊತ್ತಾಗಿದ್ದು ಹೇಗೆ ಗೊತ್ತಾ? ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಸಂಶೋಧಕರು ಮನೆಮನೆಯಿಂದ ಅದನ್ನು ಕೇಳಿ ತಂದು ಪರೀಕ್ಷೆ ಮಾಡಿದರು. ಆ ವರ್ಷಗಳಲ್ಲಿ ಹುಟ್ಟಿದವರ ಬಳ್ಳಿಯಲ್ಲಿ ಪಾದರಸ ಸಿಕ್ಕಿತು.

ಅಷ್ಟು ಓದಿ ಎದ್ದು ಟ್ರಂಕ್ ತೆಗೆದೆ. ನಿನ್ನ ಬಳ್ಳಿ ಉದುರಿದ ದಿನ ಅಜ್ಜಿ ಅದನ್ನು ಒಣಗಿಸಿ ಬೆಳ್ಳಿ ತಾಯಿತದೊಳಗೆ ಹಾಕಿಸಿದ್ದರು. ಉಡಿದಾರಕ್ಕೆ ಕಟ್ಟಿದ್ದು. ಈಗ ಕಪ್ಪಾಗಿದೆ. ಕಿವಿ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಏನೋ ಸಣ್ಣಗೆ ಸದ್ದು ಮಾಡುತ್ತದೆ. ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ಹೆದರಿಸಲು ಇದನ್ನು ಬರೆದಿಲ್ಲ. ಮಿನಮಾಟದ್ದು ಕಾರ್ಖಾನೆ ತಂದ ವಿಷ, ಅಲ್ಲಿನ ಮೀನಿಗೂ ನಿನ್ನ ತಟ್ಟೆಯ ಮೀನಿಗೂ ಹೋಲಿಕೆ ಇಲ್ಲ. ದಿನನಿತ್ಯದ ಊಟದ ಮೀನಿನ ಬಗ್ಗೆ ಆಮೇಲೆ ಎಷ್ಟೋ ಕಡೆ ನೋಡಿದ್ದಾರೆ. ಉತ್ತರ ಅಟ್ಲಾಂಟಿಕ್ ಕಡಲಿನ ಫೆರೋ ದ್ವೀಪಗಳಲ್ಲಿ 1986-87ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಏಳನೇ ವರ್ಷದಲ್ಲಿ ಪರೀಕ್ಷಿಸಿದರು. ತಾಯಿಗೆ ಪಾದರಸ ಹೆಚ್ಚು ಸೇರಿದ್ದ ಮಕ್ಕಳು ಮಾತು, ಗಮನ, ನೆನಪಿನಲ್ಲಿ ಸ್ವಲ್ಪ ಹಿಂದೆ ಇದ್ದರು. ಆದರೆ ಅಲ್ಲಿ ಪಾದರಸ ಮುಖ್ಯವಾಗಿ ಬಂದದ್ದು ಪೈಲಟ್ ತಿಮಿಂಗಿಲದ ಮಾಂಸದಿಂದ. ಹಿಂದೂ ಮಹಾಸಾಗರದ ಸೇಶೆಲ್ಸ್‌ನಲ್ಲಿ ತಾಯಂದಿರು ವಾರಕ್ಕೆ ಹನ್ನೆರಡು ಸಲ ಕಡಲ ಮೀನು ತಿನ್ನುತ್ತಿದ್ದರು. ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡಿದರೂ ಅಂಥ ತೊಂದರೆ ಕಾಣಲಿಲ್ಲ. ಬ್ರಿಟನ್ನಿನ ಒಂದು ಅಧ್ಯಯನ 2007ರಲ್ಲಿ ಬಂತು. ಬಸಿರಲ್ಲಿ ವಾರಕ್ಕೆ 340 ಗ್ರಾಂಗಿಂತ ಕಡಿಮೆ ಮೀನು ತಿಂದವರ ಮಕ್ಕಳೇ ಮಾತಿನ ಬುದ್ಧಿಯಲ್ಲಿ ಹಿಂದೆ ಬಿದ್ದಿದ್ದರು! ಮಗುವಿನ ಮೆದುಳು ಬೆಳೆಯಲು ಮೀನಿನ ಒಮೆಗಾ-3 ಕೊಬ್ಬು, ಅಯೋಡಿನ್ ಬೇಕು. ಹೆದರಿ ಮೀನನ್ನೇ ಬಿಟ್ಟರೆ ಅದೂ ನಷ್ಟ ಅಲ್ವಾ?

ನಿನಗೆ ಬಂದ ಆ ಮೆಸೇಜಲ್ಲಿ "ಮ್ಯಾಕೆರೆಲ್ ತಿನ್ನಬೇಡಿ" ಅಂತ ಇತ್ತಂತೆ, ಅದನ್ನು ಓದಿ ನೀನು ಫ್ರಿಜ್ಜಲ್ಲಿದ್ದ ಬಂಗುಡೆ ಎಸೆದೆಯಂತೆ. ಅಮೆರಿಕದವರು ಗರ್ಭಿಣಿಯರಿಗೆ ಬೇಡ ಅನ್ನುವುದು ಕಿಂಗ್ ಮ್ಯಾಕೆರೆಲ್. ಅದು ನಮ್ಮ ಅಂಜಲ್‌ನ ಹತ್ತಿರದ ಸಂಬಂಧಿ. ಬಂಗುಡೆಗೂ ಇಂಗ್ಲಿಷಲ್ಲಿ ಮ್ಯಾಕೆರೆಲ್ ಅಂತಾರೆ, ಆದರೆ ಅದು ಬೇರೆ, ಸಣ್ಣ ಮೀನು, ಧಾರಾಳವಾಗಿ ತಿನ್ನು. ಬೂತಾಯಿ, ಬಂಗುಡೆ, ಸಿಗಡಿ, ನಮ್ಮ ಹೊಳೆಯ ಸಣ್ಣ ಮೀನು, ಇವನ್ನು ವಾರಕ್ಕೆ ಎರಡು ಮೂರು ಸಲ. ಅಂಜಲ್, ಶಾರ್ಕ್, ದೊಡ್ಡ ಟ್ಯೂನ ಹೆರಿಗೆ ಆಗಿ ಮಗು ಹಾಲು ಬಿಡುವವರೆಗೆ ಬೇಡ. ತಿಂದ ಅಂಜಲ್ ಬಗ್ಗೆ ಕೊರಗಬೇಡ. ನಿಲ್ಲಿಸಿದರೆ ಸುಮಾರು 50 ದಿನಕ್ಕೆ ಮೈಯಲ್ಲಿರುವ ಪಾದರಸ ಅರ್ಧಕ್ಕೆ ಇಳಿಯುತ್ತದೆ, ಇನ್ನು 50 ದಿನಕ್ಕೆ ಉಳಿದದ್ದರಲ್ಲಿ ಅರ್ಧ. ತಿಂಗಳಿಗೆ ಎರಡು ತುಂಡು ತಿಂದವಳು ನೀನು. ಮುಂದಿನ ಸಲ ಹೋದಾಗ ಡಾಕ್ಟರ ಹತ್ತಿರವೂ ಕೇಳು.

ಒಂದು ಮಾತು. ನಿಮ್ಮ ಅತ್ತೆ ಕುಂದಾಪುರದವರು. ಬಾಣಂತಿಗೆ ಹಾಲು ಹೆಚ್ಚುತ್ತದೆ ಅಂತ ಮರಿ ಶಾರ್ಕ್ ಸಾರು ಮಾಡಿ ಕೊಡಬಹುದು. ನನ್ನ ಬಾಣಂತನದಲ್ಲಿ ಅಜ್ಜಿ ನಂಜು ಅಂತ ಮೂರು ತಿಂಗಳು ಯಾವ ಮೀನನ್ನೂ ಮುಟ್ಟಿಸಲಿಲ್ಲ. ಎರಡೂ ಪ್ರೀತಿಯಿಂದಲೇ ಮಾಡುವುದು. ನೀನು ಬೇಡ ಅಂದು ಅವರ ಮನಸ್ಸು ನೋಯಿಸಬೇಡ. ನಾನೇ ಅವರ ಹತ್ತಿರ ಮಾತಾಡುತ್ತೇನೆ, ಬಂಗುಡೆ ಸಾರು ಮಾಡಿ ಅನ್ನುತ್ತೇನೆ.

ಅಪ್ಪ ಬುಧವಾರ ರಾತ್ರಿ ಬಸ್ಸಿಗೆ ಹೊರಡುತ್ತಾರೆ. ಒಣಗಿಸಿದ ವಾಟೆಹುಳಿ, ಮೆಣಸಿನ ಪುಡಿ, ಕಡುಬಿನ ತರಿ ಕಟ್ಟಿಟ್ಟಿದ್ದೇನೆ. ವಾಟೆಹುಳಿ ನೆನೆಸಿ ರುಬ್ಬಿ ಹಾಕು, ಬೂತಾಯಿ ಸಾರಿಗೆ ಹುಣಸೆಹಣ್ಣು ಬೇಡ. ಕೊಚ್ಚುವ ವಾಸನೆಗೆ ವಾಂತಿ ಬಂದರೆ ಅಳಿಯಂದಿರು ಮಾಡಲಿ, ನೀನು ಬಾಲ್ಕನಿಯಲ್ಲಿ ಕೂತಿರು. ತಾಯಿತವನ್ನೂ ಅಪ್ಪನ ಕೈಲೇ ಕೊಟ್ಟು ಕಳಿಸುತ್ತಿದ್ದೇನೆ, ಜೋಪಾನ.

ಸ್ಕ್ಯಾನಿಂಗ್ ಆದ ದಿನ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ
ಅಮ್ಮ