ಭಾನುವಾರದ ಬಫೆ ಊಟ: ಟೇಬಲ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ 12.30ಕ್ಕೆ ಹೋಟೆಲ್ ಬಾಗಿಲಲ್ಲಿ ಸೇರೋಣ. ನಾವು 14 ಜನ, ಎರಡು ಟೇಬಲ್.

ಹೋದ ಸಲ ಏನಾಯ್ತು ನೆನಪಿದೆ ಅಲ್ವಾ? ಎಲ್ಲರೂ ಒಟ್ಟಿಗೆ ಸಿಹಿ ತರಲು ಎದ್ದು ಹೋದೆವು. ವಾಪಸ್ ಬಂದಾಗ ದೊಡ್ಡಮ್ಮನ ತಟ್ಟೆಯೇ ಇರಲಿಲ್ಲ, ಅದರಲ್ಲಿ ಅರ್ಧ ಹೋಳಿಗೆ ಹಾಗೇ ಇತ್ತು. ಬೇರೆಯವರು ಆಗಲೇ ಕುರ್ಚಿ ಎಳೆದು ಕೂತಿದ್ದರು. ದೊಡ್ಡಮ್ಮ ಏನೂ ಅನ್ನಲಿಲ್ಲ, ನನಗೆ ಮಾತ್ರ ತುಂಬಾ ಬೇಜಾರಾಯ್ತು. ತಟ್ಟೆ ಎತ್ತಿದ ಹುಡುಗನದ್ದು ತಪ್ಪಲ್ಲ. ಟೇಬಲ್ ಖಾಲಿ ಕಂಡರೆ ಊಟ ಮುಗಿಯಿತು ಅಂತಲೇ ಅಂದುಕೊಳ್ಳುತ್ತಾರೆ.

ಅದಕ್ಕೇ ಈ ಸಲ ಪ್ರತಿ ಟೇಬಲ್‌ನಲ್ಲೂ ಯಾವಾಗಲೂ ಇಬ್ಬರಾದರೂ ಕೂತಿರಲಿ. ಏಳುವಾಗ ಬಟ್ಟೆಯ ನ್ಯಾಪ್ಕಿನ್ ಕುರ್ಚಿ ಮೇಲಿಡಿ. ಚಮಚ, ಫೋರ್ಕ್ ತಟ್ಟೆಯಲ್ಲಿ ಅಗಲಿಸಿ ಇಡಿ. ಎರಡನ್ನೂ ಜೋಡಿಸಿ ಇಟ್ಟರೆ ಊಟ ಆಯ್ತು ಅಂತ ಅರ್ಥ, ನಾವು ಬಾಳೆಲೆ ಮಡಿಸಿದ ಹಾಗೆ. ಮೊಬೈಲ್, ಪರ್ಸ್ ಇಟ್ಟು ಜಾಗ ಹಿಡಿಯಬೇಡಿ.

ಎರಡನೇ ಸಲ ಹೋಗುವಾಗ ಹೊಸ ತಟ್ಟೆ ತೆಗೆದುಕೊಳ್ಳಿ. ಎಂಜಲು ತಟ್ಟೆಗೆ ಸೌಟು ತಾಗಬಾರದು. ಚಿಕನ್ ಸೌಟನ್ನು ಪಲ್ಯಕ್ಕೆ ದಯವಿಟ್ಟು ಹಾಕಬೇಡಿ, ಅಜ್ಜಿ ಮಾಂಸ ಮುಟ್ಟಲ್ಲ. ಅವರಿಗೆ ಜಾಸ್ತಿ ಹೊತ್ತು ನಿಲ್ಲಲೂ ಆಗಲ್ಲ. ಮೊದಲ ತಟ್ಟೆ ಅವರಿಗೆ ನಾನೇ ತಂದುಕೊಡುತ್ತೇನೆ.