ಸ್ಕಾಲರ್‌ಶಿಪ್ ನಂಬಿ ಕೆಲಸ ಬಿಡಬೇಡ

ನವನಗರ, ಬಾಗಲಕೋಟೆ

ಚಿ. ಕು. ರೇಣುಕಾಗೆ ನಿನ್ನ ಮಾಮಾನ ಆಶೀರ್ವಾದ.

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡುತ್ತೀಯಂತೆ. ನಿಮ್ಮ ಅವ್ವ ಫೋನಿನಲ್ಲಿ ಹೇಳಿದಳು, ಖುಷಿಯಾಯಿತು. ಸ್ಕಾಲರ್‌ಶಿಪ್ ಮಂಜೂರಾದರೆ ಅಂಗಡಿ ಬಿಡ್ತಾಳಂತೆ ಅಂದಳು ನೋಡು, ಆಗ ಪತ್ರ ಬರೆಯಲೇಬೇಕು ಅನ್ನಿಸಿತು. ಬಿಡಬೇಡ ಅವ್ವಾ.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ದೂರ ಶಿಕ್ಷಣಕ್ಕೂ ಇದೆ. ಮನೆಯ ವರ್ಷದ ಆದಾಯ 2.5 ಲಕ್ಷ ರೂಪಾಯಿ ದಾಟಿರಬಾರದು. ಆದರೆ ಹಾಸ್ಟೆಲ್‌ನಲ್ಲಿದ್ದು ಕಾಲೇಜಿಗೆ ಹೋಗುವವರ ಭತ್ಯೆ ನೋಡಿ ನಿನ್ನ ಲೆಕ್ಕ ಹಾಕಬೇಡ. ನಿನಗೆ ಮುಖ್ಯವಾಗಿ ಬರುವುದು ಕಟ್ಟಿದ ಶುಲ್ಕ. ಅದರಲ್ಲೂ ವಾಪಸ್ ಸಿಗದ ಶುಲ್ಕ ಮಾತ್ರ. ಠೇವಣಿ ಅಂತ ಇಟ್ಟ ದುಡ್ಡು ಇದರಲ್ಲಿ ಸೇರುವುದಿಲ್ಲ. ಪರೀಕ್ಷೆಗೆ ಹೋಗಿಬರುವ ಬಸ್ ಚಾರ್ಜು, ಊಟ, ಎಲ್ಲ ನಿನ್ನ ಕೈಯಿಂದಲೇ.

ದುಡ್ಡು ಒಟ್ಟಿಗೆ ಬರುತ್ತದೆ ಅಂತಲೂ ತಿಳಿಯಬೇಡ. ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ್ದು ನೇರ ಖಾತೆಗೆ ಬೀಳುತ್ತದೆ. ಅಷ್ಟರೊಳಗೆ ಮುಂದಿನ ವರ್ಷದ ಶುಲ್ಕ ಕಟ್ಟುವ ದಿನ ಬಂದರೂ ಬಂತೇ! ಅದಕ್ಕೇ ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ಎತ್ತಿಡು.

ಅರ್ಜಿ ಹಾಕುವುದು ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಇರುವ ಆರ್‌ಡಿ ನಂಬರ್ ಕೇಳುತ್ತದೆ. ಆ ಪತ್ರಗಳು ಇಲ್ಲದಿದ್ದರೆ ಮೊದಲು ನಾಡಕಚೇರಿಗೆ ಹೋಗು. ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ ಹೆಸರು ಒಂದೇ ತರ ಇದೆಯಾ ನೋಡು. ನಮ್ಮ ಕಡೆ ಅಪ್ಪನ ಹೆಸರು, ಅಡ್ಡಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತರ ಇರುತ್ತವೆ, ಅಲ್ವಾ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳು. ಪಾಸ್‌ಬುಕ್ ಇದ್ದರೆ ಸಾಲದು.

ಇನ್ನೊಂದು ಮಾತು. ಕಂಪ್ಯೂಟರ್ ಸೆಂಟರಿನವರು 'ರೆಗ್ಯುಲರ್ ಅಂತ ಹಾಕಿಬಿಡೋಣ, ಕೆಲಸದ ವಿಷಯ ಬೇಡ' ಅಂದರೆ ಒಪ್ಪಬೇಡ. ನಾಲ್ಕು ಕಾಸಿನ ಆಸೆಗೆ ಸುಳ್ಳು ಬರೆದು, ನಾಳೆ ಪರಿಶೀಲನೆಗೆ ಕರೆದಾಗ ನಿಲ್ಲುವವಳು ನೀನೇ, ಅವರಲ್ಲ. ನಿನ್ನ ಸಂಬಳವನ್ನೂ ಇದ್ದಂತೆ ತೋರಿಸು. ಅನುಮಾನ ಬಂದರೆ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳು, ಸಂಕೋಚ ಬೇಡ.

ಅಂಗಡಿ ರಜೆ ಇದ್ದಾಗ ಕಾಗದಗಳನ್ನೆಲ್ಲ ತಗೊಂಡು ಇಲ್ಲಿಗೇ ಬಾ, ಕೂತು ತುಂಬೋಣ. ಪ್ರವೇಶದ ರಸೀದಿ ಮರೆಯಬೇಡ.

ನಿನ್ನ ಮಾಮಾ